ಷಡ್ಡಕನ ಕಾರಿನ ಹಗಲು ದೀಪ

ನನಗೆ ಹೊಟ್ಟೆಕಿಚ್ಚು ಇಲ್ಲ ಎಂದು ಹೇಳಿಕೊಂಡೇ ನಲವತ್ತೊಂಬತ್ತು ವರ್ಷ ಕಳೆದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ದೊಡ್ಡ ವಿಷಯಗಳಿಗೆ ನನಗೆ ಏನೂ ಆಗುವುದಿಲ್ಲ. ಯಾರಾದರೂ ಮೂರಂತಸ್ತಿನ ಮನೆ ಕಟ್ಟಿಸಿದರೆ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ತಿಂದು, ಮೆಟ್ಟಿಲು ಸ್ವಲ್ಪ ಕಡಿದಾಯಿತು ಎಂದು ಹೇಳಿ ಸಂತೋಷವಾಗಿ ಬರುತ್ತೇನೆ. ನನ್ನ ಹೊಟ್ಟೆ ಉರಿಯುವುದು ಸಣ್ಣಪುಟ್ಟದಕ್ಕೆ. ಪಕ್ಕದ ಮನೆಯವರ ಕರಿಬೇವಿನ ಗಿಡ ನಮ್ಮದಕ್ಕಿಂತ ಸೊಂಪಾಗಿ ಚಿಗುರಿದರೆ, ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಕನ್ನಡ ಮೇಷ್ಟರಿಗೆ ಸಿಕ್ಕರೆ, ಹೋಟೆಲಿನಲ್ಲಿ ನನಗಿಂತ ಆಮೇಲೆ ಬಂದವನ ಮುಂದೆ ಮೊದಲು ದೋಸೆ ಬಂದು ಕೂತರೆ, ಆ ದಿನ ನಾನು ಯಾರ ಉಪಯೋಗಕ್ಕೂ ಬರುವವನಲ್ಲ. ಹೆಂಡತಿ ಸುಜಾತ ಇದನ್ನು ಮದುವೆಯಾದ ಮೊದಲ ವಾರದಲ್ಲೇ ಕಂಡುಹಿಡಿದಳು. ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಚಂದ್ರಣ್ಣನ ಎಲೆಗೆ ಅತ್ತೆ ಬಡಿಸಿದ ಮಾಂಸದ ತುಂಡನ್ನೂ ನನ್ನ ಎಲೆಯದನ್ನೂ ನಾನು ಒಂದು ಸಲ ಸುಮ್ಮನೆ ನೋಡಿದೆ, ಅಷ್ಟೇ. ಅವಳಿಗೆ ಅಷ್ಟು ಸಾಕಾಯಿತು.

ಚಂದ್ರಣ್ಣನಿಗೆ ಚನ್ನರಾಯಪಟ್ಟಣದಲ್ಲಿ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿರುವವನು ನಾನು. ಕರೆಂಟಿನ ಕಾರು ತೆಗೆದುಕೊಂಡವನು ಅವನು. ಹೊಸ ಕಾರನ್ನು ತೋರಿಸಲು ಅವನು ನಮ್ಮ ಬೀದಿಗೆ ಬಂದಾಗ ಸದ್ದೇ ಇಲ್ಲ. ಗೇಟಿನ ಮುಂದೆ ನೀಲಿ ಬಣ್ಣದ್ದೊಂದು ಬಂದು ನಿಂತಿತ್ತು, ಅಷ್ಟೆ. ಹಟ್ಟಹಗಲು, ಸುಡುವ ಬಿಸಿಲು. ಅಂಥ ಬಿಸಿಲಿನಲ್ಲೂ ಅದರ ಮೂತಿಯ ಎರಡು ಪಕ್ಕದಲ್ಲಿ ಹುಬ್ಬು ತೀಡಿದ ಹಾಗೆ ಬಿಳಿ ದೀಪ ಉರಿಯುತ್ತಿತ್ತು.

"ಚಂದ್ರಣ್ಣ, ಲೈಟು ಆರಿಸೋದು ಮರ್ತಿದೀರಿ" ಎಂದೆ, ಸ್ವಲ್ಪ ಸಂತೋಷದಿಂದಲೇ.

"ಮರ್ತಿಲ್ಲ ಮೇಷ್ಟ್ರೇ. ಇದು ಹಗಲೊತ್ತೂ ಉರೀತಾನೇ ಇರ್ಬೇಕಂತೆ. ಎದುರಿಗ್ ಬರೋರ್ಗೆ ಕಾಣ್ಲಿ ಅಂತ. ಆರ್ಸಾಕೆ ಆಗಾಕಿಲ್ಲ ಅಂದ್ರು ಶೋರೂಮ್ನೋರು."

ನಮ್ಮ ಕಡೆಯ ರಸ್ತೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಗಲಲ್ಲಿ ಯಾವುದಾದರೂ ಗಾಡಿಯ ದೀಪ ಉರಿಯುತ್ತಿದ್ದರೆ ಎದುರಿಗೆ ಬರುವವರು ಕೈ ಎತ್ತಿ, ಐದು ಬೆರಳನ್ನೂ ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸುತ್ತಾರೆ. ದೀಪ ಉರಿಯುತ್ತಿದೆ, ಆರಿಸಪ್ಪ ಎಂದು ಅರ್ಥ. ಗುರುತಿಲ್ಲದವರ ಬ್ಯಾಟರಿಯ ಬಗ್ಗೆ ನಮ್ಮ ಜನಕ್ಕೆ ಇರುವ ಕಾಳಜಿ ಸಾಮಾನ್ಯದ್ದಲ್ಲ. ಈ ಕಾಳಜಿಯೇ ನನ್ನ ನೆಮ್ಮದಿ ಕೆಡಿಸಿತು.

ನಮ್ಮ ಅತ್ತೆ ಪುಟ್ಟತಾಯಮ್ಮ ಕೊಣನೂರಿನಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ. ಮಂಡಿ ಆಪರೇಷನ್ ಆದ ಮೇಲೆ ಅವರನ್ನು ತಿಂಗಳಿಗೊಮ್ಮೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಗನಿಗೆ ಕಾರು ಓಡಿಸಲು ಬಾರದು. ಹಾಗಾಗಿ ಒಂದು ತಿಂಗಳು ನನ್ನ ಸರದಿ, ಒಂದು ತಿಂಗಳು ಚಂದ್ರಣ್ಣನದು. ಹೊಸ ಕಾರಿನ ಮೊದಲ ಸವಾರಿಗೆ ನಮ್ಮಿಬ್ಬರನ್ನೂ ಬನ್ನಿ ಎಂದು ಕರೆದ. ಅತ್ತೆ ಮುಂದಿನ ಸೀಟಿನಲ್ಲಿ, ನಾನು ಮತ್ತು ಸುಜಾತ ಹಿಂದೆ. ಕೊಣನೂರು ಬಿಟ್ಟು ಸ್ವಲ್ಪ ದೂರ ಹೋಗಿರಲಿಲ್ಲ, ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಬೈಕಿನವನು ಕೈ ಎತ್ತಿ ಬೆರಳು ಬಿಡಿಸಿದ. ಅತ್ತೆ ಸೆರಗು ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದರು. ಆಮೇಲೆ ಟ್ರ್ಯಾಕ್ಟರಿನವನು. ಅವನಿಗೂ ನಮಸ್ಕಾರ. ಅರಕಲಗೂಡಿನ ಹತ್ತಿರ ಸಾಕ್ಷಾತ್ ಬಸ್ಸಿನ ಡ್ರೈವರೇ ಕೈ ಎತ್ತಿದ. ಅತ್ತೆಯ ಮುಖ ಅರಳಿಹೋಯಿತು.

"ನೋಡ್ದೇನವ್ವಾ ಸುಜಾತ, ಊರ್ ಬಿಟ್ಟಾಗಿಂದ ಒಬ್ರಾದ್ರೂ ಕೈ ಎತ್ದೆ ಓಗ್ನಿಲ್ಲ. ನಮ್ ಚಂದ್ರಂಗೆ ಅದೇನ್ ಮರ್ವಾದಿ. ಚೆನ್ನಾಗಿದ್ದೀಯಾ ಅಂತ ನನ್ನೂ ಕೇಳ್ತಾವ್ರೆ ಕಣವ್ವ" ಎಂದರು. ಆಮೇಲೆ ತಲೆ ಹಿಂದಕ್ಕೆ ತಿರುಗಿಸಿ ನನ್ನನ್ನು ನೋಡಿ, "ನಿನ್ ಕಾರ್ನಾಗೆ ಓಗೋವಾಗ ಅದ್ಯಾಕಪ್ಪ ಒಬ್ರೂ ಸಿಕ್ಕಾಕಿಲ್ಲ" ಎಂದರು. ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅತ್ತೆ ಇದನ್ನು ಆಸ್ಪತ್ರೆಯ ನರ್ಸಿಗೂ ಹೇಳಿದರು, ಪಕ್ಕದ ಬೆಂಚಿನಲ್ಲಿ ಕೂತಿದ್ದ ದುದ್ದ ಊರಿನ ಹೆಂಗಸಿಗೂ ಹೇಳಿದರು. ನಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ನನ್ನ ಹತ್ತಿರ ಓದಿದ ಮಕ್ಕಳು ಎರಡು ಸಾವಿರಕ್ಕಂತೂ ಕಮ್ಮಿ ಇರಲಾರರು. ಅರ್ಧ ಜಿಲ್ಲೆ ನನ್ನನ್ನು ಕಂಡು ಕೈ ಎತ್ತಬೇಕಿತ್ತು. ಎತ್ತುತ್ತಿರುವುದು ಶಾಮಿಯಾನದವನಿಗೆ, ಅದೂ ದೀಪ ಆರಿಸು ಎಂದು.

ಮನೆಗೆ ಬಂದು ಸುಜಾತಳಿಗೆ ಹೇಳಿದೆ. "ಅದು ನಮಸ್ಕಾರ ಅಲ್ಲ, ಲೈಟ್ ಆಫ್ ಮಾಡಿ ಅಂತ ಸನ್ನೆ. ಅತ್ತೆಗೆ ಯಾರಾದ್ರೂ ಹೇಳ್ಬೇಕು."

"ಹೇಳಿ, ಯಾರು ಬೇಡ ಅಂದ್ರು" ಎಂದು ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಹೇಳಿದಳು. "ನಿಮ್ ಹೊಟ್ಟೆ ಉರಿ ಅಂತ ಅವ್ವಂಗೆ ಗೊತ್ತಾಗತ್ತೆ, ಅಷ್ಟೆ."

ಅದೇ ತೊಡಕು. ಹೊಟ್ಟೆಕಿಚ್ಚಿನವನ ಬಾಯಲ್ಲಿ ಬಂದ ಸತ್ಯಕ್ಕೆ ಬೆಲೆ ಇಲ್ಲ. ಆದ್ದರಿಂದ ಹೇಳುವುದನ್ನು ಬಿಟ್ಟು ದೀಪವನ್ನೇ ಆರಿಸಿಬಿಡುವುದೆಂದು ತೀರ್ಮಾನ ಮಾಡಿದೆ.

ಚಂದ್ರಣ್ಣನ ಮುಂದಿನ ಸರದಿ ಬಂದಾಗ ನಾನೇ ಫೋನು ಮಾಡಿ, ಅತ್ತೆಯನ್ನು ಹಿಡಿದುಕೊಳ್ಳುವುದಕ್ಕೆ ಒಬ್ಬರಿರಲಿ, ನಾನೂ ಬರುತ್ತೇನೆ ಎಂದೆ. ಸುಜಾತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಸ್ಪತ್ರೆ ಮುಗಿದ ಮೇಲೆ ಹಾಸನದಲ್ಲೇ ಕಾರನ್ನು ಚಾರ್ಜಿಗೆ ಹಾಕಬೇಕಿತ್ತು. ಎದುರಿಗೇ ಹೋಟೆಲು. "ನೀವು ಅತ್ತೇನ ಕರ್ಕೊಂಡು ಹೋಗಿ ತಿಂಡಿ ಮಾಡಿಸಿ, ನಾನು ಕಾರಿನ ಹತ್ರ ಇರ್ತೀನಿ" ಎಂದೆ. ಚಂದ್ರಣ್ಣ ನನ್ನ ಒಳ್ಳೆಯತನವನ್ನು ಪೂರ್ತಿ ನಂಬಿದ. "ನಿಮ್ಗೂ ಎರಡು ವಡೆ ಕಟ್ಟಿಸ್ಕೊಂಡ್ ಬತ್ತೀನಿ ಮೇಷ್ಟ್ರೇ" ಎಂದು ಹೋದ.

ಅವರು ರಸ್ತೆ ದಾಟಿದ ತಕ್ಷಣ ಡ್ಯಾಶ್‌ಬೋರ್ಡಿನ ಖಾನೆಯಿಂದ ಕಾರಿನ ಪುಸ್ತಕ ತೆಗೆದೆ. ಯಾರೂ ಇನ್ನೂ ತೆರೆದಿರಲಿಲ್ಲ, ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಪರದೆಯನ್ನು ಮುಟ್ಟಿದೆ. ಮೊದಲು ಹಾಡು ಬಂತು. ಆಮೇಲೆ ಸೀಟು ತಾನಾಗಿಯೇ ಹಿಂದಕ್ಕೆ ಸರಿದು ನನ್ನ ಕೈಗೆ ಪರದೆ ಎಟುಕದಂತಾಯಿತು. ಹಿಂದಿನ ಗಾಜನ್ನು ಒರೆಸುವ ಕಡ್ಡಿ ಓಡಾಡಲು ಶುರುವಾಯಿತು, ಅದನ್ನು ನಿಲ್ಲಿಸಲು ಬೆವರು ಕಿತ್ತುಬಂತು. ಕೊನೆಗೆ ವಾಹನ, ಅದರೊಳಗೆ ಹೊರಗಿನ ದೀಪಗಳು, ಅದರೊಳಗೆ ಹಗಲು ದೀಪ ಎಂಬುದು ಸಿಕ್ಕಿತು. ಪಕ್ಕದಲ್ಲೊಂದು ಚುಕ್ಕಿ. ಮುಟ್ಟಿದೆ. ಇಳಿದು ಮುಂದೆ ಹೋಗಿ ನೋಡಿದೆ. ಹುಬ್ಬು ಅಳಿಸಿಹೋಗಿತ್ತು. ಇಪ್ಪತ್ತೆರಡು ವರ್ಷದ ನನ್ನ ವಿಜ್ಞಾನ ಮೊದಲ ಸಲ ಪ್ರಯೋಗಕ್ಕೆ ಬಂದಿತ್ತು. ಚಂದ್ರಣ್ಣ ತಂದ ವಡೆ ತಿಂದೆ. ಬಹಳ ರುಚಿಯಾಗಿತ್ತು.

ವಾಪಸು ಹೊರಟೆವು. ಹಾಸನ ದಾಟಿತು. ಬೈಕುಗಳು ಬಂದವು, ಹೋದವು. ಟೆಂಪೋಗಳು ಬಂದವು, ಹೋದವು. ಒಬ್ಬನೂ ಕೈ ಎತ್ತಲಿಲ್ಲ. ಅತ್ತೆ ಮೊದಮೊದಲು ಕೈಗಳನ್ನು ತೊಡೆಯ ಮೇಲೆ ತಯಾರಾಗಿ ಇಟ್ಟುಕೊಂಡಿದ್ದರು. ಒಂದು ಬಸ್ಸು ಬಂದಾಗ ಅರ್ಧ ಎತ್ತಿ, ಡ್ರೈವರ್ ಸುಮ್ಮನೆ ಹೋದದ್ದು ಕಂಡು, ಆ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡರು. ಅರಕಲಗೂಡು ಬರುವ ಹೊತ್ತಿಗೆ ಸೆರಗು ಹೊದ್ದು ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಯಾಕವ್ವಾ ಸುಮ್ಕಾಗ್ಬುಟ್ರಿ" ಎಂದು ಚಂದ್ರಣ್ಣ ಕೇಳಿದ.

"ಏನಿಲ್ಲ ಕಣಪ್ಪ. ಒಂದ್ ವರ್ಸದಿಂದ ಆಸ್ಪತ್ರೆಗ್ ಬುಟ್ರೆ ಜಗಲಿ ಇಳ್ದೋಳಲ್ಲ. ಇದ್ದೀನೋ ಸತ್ತೀನೋ ಅಂತ ಕೇಳೋರಿರ್ನಿಲ್ಲ. ಓದ್ಸಲಾನೂ, ಈವತ್ತು ಬೆಳಗ್ಗೇನೂ ಅಷ್ಟು ಜನ ಮಾತಾಡ್ಸುದ್ರು. ಈಗ ಒಬ್ರೂ ಇಲ್ಲ. ಏನ್ ತಪ್ ಕಂಡ್ರೋ." ಆಮೇಲೆ ಅವರೇ ಹೇಳಿದರು: "ಮುಂದಿನ್ ತಿಂಗ್ಳು ಆಸ್ಪತ್ರೆ ಬ್ಯಾಡ ಬುಡು. ಕಾಲು ಇಂಗೇ ಇರ್ಲಿ."

ನನ್ನ ಹೊಟ್ಟೆಯೊಳಗೆ ವಡೆ ಕಲ್ಲಾಯಿತು. ಅಲ್ಲಿಂದ ಮುಂದೆ ಎದುರಿಗೆ ಬಂದ ಒಬ್ಬೊಬ್ಬರಿಗೂ ಚಂದ್ರಣ್ಣನೇ ಮೊದಲು ಕೈ ಎತ್ತತೊಡಗಿದ. ಹುಲ್ಲಿನ ಹೊರೆ ಹೊತ್ತವನಿಗೆ, ಕುರಿ ಹೊಡೆದುಕೊಂಡು ಬರುವವನಿಗೆ, ಆಟೋದವನಿಗೆ. ಕೆಲವರು ಬೆಪ್ಪಾಗಿ ನೋಡಿದರು, ಕೆಲವರು ತಿರುಗಿ ಕೈ ಎತ್ತಿದರು. ಅತ್ತೆ ನಿಧಾನವಾಗಿ ಮುಂದಕ್ಕೆ ತಿರುಗಿ ಕೂತರು.

ಕೊಣನೂರು ತಲುಪಿ ಎಲ್ಲರೂ ಒಳಗೆ ಕಾಫಿ ಕುಡಿಯುವಾಗ, ಕಾರನ್ನು ನೆರಳಿಗೆ ನಿಲ್ಲಿಸುತ್ತೇನೆ ಎಂದು ಕೀಲಿ ಕೇಳಿ ತೆಗೆದುಕೊಂಡು ಹೊರಗೆ ಬಂದೆ. ವಾಹನ, ಹೊರಗಿನ ದೀಪಗಳು, ಹಗಲು ದೀಪ. ಚುಕ್ಕಿ ಮುಟ್ಟಿದೆ. ತಲೆ ಎತ್ತಿದರೆ ಕಾರಿನ ಕಿಟಕಿಯ ಹತ್ತಿರ ಲೋಟ ಹಿಡಿದುಕೊಂಡು ಚಂದ್ರಣ್ಣ ನಿಂತಿದ್ದ.

ಬೇರೆ ದಾರಿ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಟ್ಟೆಕಿಚ್ಚು ಎಂಬ ಮಾತನ್ನೂ ಆಡಿದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅಂಗಾದ್ರೆ ಆರಿಸ್ಬೋದಾ ಇದು" ಎಂದು ಪರದೆಯ ಮೇಲೆ ಬಗ್ಗಿದ. "ನಂಗೂ ಸಾಕಾಗಿತ್ತು ಮೇಷ್ಟ್ರೇ. ಅಂಗಡಿಗೆ ಓಗಿ ಬರೋದ್ರೊಳ್ಗೆ ಲೈಟು ಲೈಟು ಅಂತ ಅತ್ತಾರು ಜನ ಸನ್ನೆ ಮಾಡೋರು. ಅವ್ವ ಅದ್ನ ನಮಸ್ಕಾರ ಅನ್ಕೊಂಡವ್ರೆ, ಕುಸಿಯಾಗವ್ರೆ, ಇರ್ಲಿ ಅಂತ ಸುಮ್ಕಿದ್ದೆ. ಒಂದ್ ಕೆಲ್ಸ ಮಾಡಿ. ಇದ್ನ ಎಂಗ್ ಮಾಡೋದು ಅಂತ ನಂಗೂ ಏಳ್ಕೊಡಿ. ಒಬ್ನೇ ಇದ್ದಾಗ ಆರಿಸ್ಕೊತೀನಿ, ಅವ್ವ ಕೂತಾಗ ಆಕ್ಕೊತೀನಿ."

ಹೇಳಿಕೊಟ್ಟೆ. ಮೂರು ಸಲ ಹೇಳಿಕೊಡಬೇಕಾಯಿತು. ಅಲ್ಲಿಯವರೆಗೆ ಅವನ ಕಾರಿನ ಮೇಲೆ ಮಾತ್ರ ಇದ್ದ ಹೊಟ್ಟೆಕಿಚ್ಚು ಅವತ್ತಿನಿಂದ ಅವನ ಗುಣದ ಮೇಲೂ ಶುರುವಾಯಿತು. ಕಾರನ್ನಾದರೂ ಕಂತಿನಲ್ಲಿ ತರಬಹುದು.

ಮುಂದಿನ ತಿಂಗಳು ನನ್ನ ಸರದಿ. ಅತ್ತೆಯನ್ನು ಒಪ್ಪಿಸಿ ಹೊರಡಿಸುವಷ್ಟರಲ್ಲಿ ಸಾಕಾಯಿತು. ಈ ಸಲ ಅವರಿಗೆ ಯಾವ ಕೊರತೆಯೂ ಆಗಬಾರದೆಂದು ನನ್ನ ಹಳೆಯ ಪೆಟ್ರೋಲ್ ಕಾರಿನ ಹೆಡ್‌ಲೈಟನ್ನು ಹಗಲು ಹತ್ತು ಗಂಟೆಗೇ ಹಾಕಿಕೊಂಡು ಹೊರಟೆ. ಊರು ದಾಟುತ್ತಲೇ ಒಬ್ಬ ಬೈಕಿನವನು ಕೈ ಎತ್ತಿ ಬೆರಳು ಬಿಡಿಸಿದ. ಇನ್ನೊಬ್ಬ ಎತ್ತಿದ. ಲಾರಿಯವನು ಎತ್ತಿದ. ನನಗೆ ಅರಿವಿಲ್ಲದೆ ಬೆನ್ನು ನೆಟ್ಟಗಾಯಿತು. ನನ್ನ ಬಲಗೈ ಸ್ಟೇರಿಂಗ್ ಬಿಟ್ಟು ಅವರಿಗೆಲ್ಲ ತಿರುಗಿ ನಮಸ್ಕಾರ ಮಾಡುತ್ತಿತ್ತು. ಅತ್ತೆ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದರು. ನಾಲ್ಕನೆಯವನೂ ಕೈ ಎತ್ತಿದ ಮೇಲೆ ನನ್ನ ಭುಜ ತಟ್ಟಿದರು.

"ಯಾರ್ಗಪ್ಪ ಅಂಗೆ ಕೈ ಎತ್ತಾ ಇದ್ದೀಯ" ಎಂದರು. "ಚಂದ್ರಂಗೆ ಮಾಡ್ದಂಗೆ ನಮಸ್ಕಾರ ಅಲ್ಲ ಇದು, ಲೈಟು ಉರೀತೈತೆ ಅಂತ ಏಳ್ತಾವ್ರೆ ಕಣಪ್ಪ. ಆರ್ಸು."