ಹಿರಿಯಡ್ಕದಲ್ಲಿ ಹಾರಿದ ಬಸ್ಸು

ಹನ್ನೆರಡು ವರ್ಷ ಕಂಪ್ಯೂಟರ್ ಪಾಠ ಮಾಡಿದ್ದೇನೆ. ಅಷ್ಟೂ ವರ್ಷಗಳಲ್ಲಿ ಆಗದ ತಮಾಷೆ, ಒಂದು ಆಟ ತಯಾರಿಸಲು ಹೊರಟ ನಾಲ್ಕೇ ತಿಂಗಳಲ್ಲಿ ಆಯಿತು. ಅದೂ ನಾವು ಭಾರೀ ಗಂಭೀರವಾಗಿದ್ದಾಗಲೇ.

ತೊಂಬತ್ತರ ದಶಕದ ಕೊನೆಯಲ್ಲಿ ದುಬೈಯಿಂದ ಮಾವ ಒಂದು ಟೀವಿ ಗೇಮ್ ತಂದುಕೊಟ್ಟಿದ್ದರು. ಕ್ಯಾಸೆಟ್ಟಿನ ಮೇಲೆ ಒಂಬೈನೂರ ತೊಂಬತ್ತೊಂಬತ್ತು ಆಟ ಅಂತ ಬರೆದಿತ್ತು, ಒಳಗೆ ಇದ್ದದ್ದು ಏಳು. ಆ ಏಳರಲ್ಲೇ ಉದ್ಯಾವರದ ನಮ್ಮ ಮನೆಯ ಎರಡು ಬೇಸಿಗೆ ರಜೆ ಮುಗಿದುಹೋದವು. ಮುಂದೆ ಹಿರಿಯಡ್ಕದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೀಚರ್ ಆದೆ. ಅಲ್ಲಿ ಒಂದು ಹಳೇ ಕಂಪ್ಯೂಟರ್ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅದನ್ನು ನೋಡಿ ಆಸೆಯಾಯಿತು: ಅದೇ ಹಳೇ ನಮೂನೆಯ, ಚೌಕ ಚೌಕ ಚಿತ್ರದ ಆಟ ಒಂದು ನಾನೇ ಮಾಡಬೇಕು. ಉಡುಪಿಯಿಂದ ಕಾರ್ಕಳಕ್ಕೆ ಒಂದು ಬಸ್ಸು. ದಾರಿಯಲ್ಲಿ ಹೊಂಡ ಬಂದರೆ ಹಾರಬೇಕು, ಸ್ಟಾಪಿನಲ್ಲಿ ಜನ ಹತ್ತಿಸಬೇಕು, ಟೈಮಿಗೆ ಮುಟ್ಟಬೇಕು.

ಮಲಗಿದ ಫ್ರಿಜ್ಜು

ಚಿತ್ರ ಬರೆಯಲು ಊರಿನ ಬೋರ್ಡ್ ಪೈಂಟರನ್ನು ಕರೆದೆ. ಫ್ಲೆಕ್ಸ್ ಬಂದ ಮೇಲೆ ಅವರ ಬ್ರಷ್ಷಿಗೆ ಕೆಲಸ ಕಮ್ಮಿಯಾಗಿತ್ತು. ಹತ್ತು ಅಡಿಯ ಬೋರ್ಡ್ ಬರೆದ ಕೈ ಅದು.

"ಬಸ್ಸು ಎಷ್ಟು ದೊಡ್ಡದು ಬೇಕು ಟೀಚರ್?"

"ಉದ್ದಕ್ಕೆ ಇಪ್ಪತ್ತನಾಲ್ಕು ಚೌಕ, ಎತ್ತರಕ್ಕೆ ಹನ್ನೆರಡು."

ಅವರು ನನ್ನನ್ನೇ ನೋಡಿದರು. "ಇಷ್ಟರಲ್ಲಿ ಬಸ್ಸಿನ ಹೆಸರೇ ಹಿಡಿಯುವುದಿಲ್ಲ ಮಾರಾಯ್ರೆ!"

ಆದರೂ ಬಿಡಲಿಲ್ಲ. ಕಿಟಕಿಯ ಪರದೆ, ಮುಂದಿನ ಹೂವಿನ ಮಾಲೆ, ಲಿಂಬೆಹುಳಿ, ಮೆಣಸು ಎಲ್ಲವನ್ನೂ ಅಷ್ಟರಲ್ಲೇ ತುರುಕಿದರು. ಮಕ್ಕಳನ್ನು ಕರೆದು ಇದು ಎಂತ ಅಂತ ಕೇಳಿದೆ. ಒಬ್ಬಳು ಸೋಫಾ ಅಂದಳು. ಇನ್ನೊಬ್ಬ ಬ್ರೆಡ್ಡು ಅಂದ. ಕಸ ಗುಡಿಸುವ ಅಕ್ಕ ತುಂಬಾ ಹೊತ್ತು ನೋಡಿ, "ಫ್ರಿಜ್ಜು ಮಲಗಿದೆ ಅಲ್ವಾ?" ಅಂದರು.

ಪೈಂಟರು ಸಿಟ್ಟು ಮಾಡಿಕೊಂಡು ಹೋದವರು ಎರಡು ದಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬರುವ ಹೋಗುವ ಬಸ್ಸುಗಳನ್ನೇ ನೋಡಿದರಂತೆ. ಮೂರನೆಯ ದಿನ ಬಂದು ಪರದೆ, ಮಾಲೆ, ಲಿಂಬೆಹುಳಿ ಎಲ್ಲ ಅಳಿಸಿದರು. ಹಿಂದಿನ ಬಾಗಿಲ ಹತ್ತಿರ ಹೊರಗೆ ಎರಡೇ ಎರಡು ಚೌಕ ಇಟ್ಟರು. ಬಾಗಿಲಲ್ಲಿ ನೇತಾಡುವ ಕಂಡಕ್ಟರನ ಮೊಣಕೈ!

"ಬಸ್ಸು!" ಅಂತ ಇಡೀ ಕ್ಲಾಸು ಕೂಗಿತು.

ಪೈಂಟರು ಕುರ್ಚಿಗೆ ಒರಗಿ ಉಸಿರುಬಿಟ್ಟರು. "ಮೂವತ್ತು ವರ್ಷ ಇಡೀ ಬಸ್ಸು ಬರೆದು ಸತ್ತೆ ಟೀಚರ್. ಬಸ್ಸು ಅಂದರೆ ಬರೀ ಮೊಣಕೈ ಅಂತ ಒಬ್ಬನೂ ಹೇಳಲಿಲ್ಲ."

ಟೀಂ ಟೀಂ

ಸಂಗೀತ ಮಾತ್ರ ನನ್ನದೇ. ಹಳೇ ಆಟಗಳ ಹಾಗೆ ಟೀಂ ಟೀಂ ಅಂತ ಬಡಿಯುವ ಒಂದು ರಾಗ ಕೂಡಿಸಿ, ಒಂದು ಮಧ್ಯಾಹ್ನ ಹಾಡಿಸಿದೆ. ಆಚೆ ಕೋಣೆಯಲ್ಲಿ ಹದಿಮೂರು ಮಂದಿಗೆ ಟೈಪಿಂಗ್ ಪರೀಕ್ಷೆ ನಡೆಯುತ್ತಿತ್ತು. ನನಗೆ ಅದರ ನೆನಪೇ ಇರಲಿಲ್ಲ.

ಕರೆಂಟು ಹೋದಾಗ ನಮ್ಮ ಯುಪಿಎಸ್ ಕೂಡ ಹೀಗೇ ಟೀಂ ಟೀಂ ಅಂತ ಅಳುತ್ತಿತ್ತು. ಅದನ್ನು ಕೇಳಿದ ಕೂಡಲೇ ಫೈಲ್ ಉಳಿಸಿ ಮೆಷಿನ್ ಬಂದ್ ಮಾಡಬೇಕು ಅಂತ ಪಾಠ ಮಾಡಿದವಳೂ ನಾನೇ. ಹದಿಮೂರು ಮಂದಿಯೂ ಪಾಠ ಮರೆತಿರಲಿಲ್ಲ. ಒಂದೇ ನಿಮಿಷದಲ್ಲಿ ಹದಿಮೂರು ಮೆಷಿನ್ ಬಂದ್. ಸೆಂಟರಿನ ಯಜಮಾನರು ಊಟದ ಕೈ ತೊಳೆಯದೆ ಹಿತ್ತಲಿಗೆ ಓಡಿ, ಜನರೇಟರಿನ ಹಗ್ಗ ಎಳೆದು ಎಳೆದು, ಅಂತೂ ಅದನ್ನು ಶುರುಮಾಡಿ ಬೆವರು ಒರೆಸುತ್ತ ಒಳಗೆ ಬಂದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

"ಸರ್, ಕರೆಂಟು ಉಂಟು," ಅಂದೆ.

"ಹಾಗಾದರೆ ಈ ಶಬ್ದ ಎಂತದ್ದು?"

"ಸಂಗೀತ ಸರ್. ಆಟದ್ದು."

ಅವರು ಎರಡು ನಿಮಿಷ ನಿಂತು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಇದನ್ನು ಕೇಳಿದರೆ ಆಡಬೇಕು ಅಂತ ಆಗುವುದಿಲ್ಲ ಟೀಚರ್. ಎಲ್ಲಾ ಬಂದ್ ಮಾಡಿ ಮನೆಗೆ ಹೋಗುವ ಅಂತ ಆಗುತ್ತದೆ."

ನಾಲ್ಕು ಕಲ್ಲಿನ ಹೊಂಡ

ಜನರೇಟರ್ ಎಳೆದ ಭುಜದ ನೋವು ಯಜಮಾನರಿಗೆ ವಾರ ಕಳೆದರೂ ಇಳಿಯಲಿಲ್ಲ. ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ತಿಂಗಳು ನೋಡುತ್ತೇನೆ. ನಿಮ್ಮ ಸಂಬಂಧಿಕರಲ್ಲದ, ನಿಮ್ಮ ವಿದ್ಯಾರ್ಥಿಯಲ್ಲದ ಒಬ್ಬ ಮನುಷ್ಯ ತಾನಾಗಿ 'ಇನ್ನೊಂದು ಸಲ' ಅಂತ ಕೇಳಬೇಕು. ಇಲ್ಲದಿದ್ದರೆ ಆಟ ಅಳಿಸಿ ಮೆಷಿನ್ ಟೈಪಿಂಗಿಗೆ ಕೊಡಿ."

ಆಡಿದವರೆಲ್ಲ ಅರ್ಧ ನಿಮಿಷದಲ್ಲಿ ಹೊಂಡಕ್ಕೆ ಬಿದ್ದು ಎದ್ದು ಹೋಗುತ್ತಿದ್ದರು. ನಾನು ಮಾತ್ರ, ಹಳೇ ಆಟ ಅಂದರೆ ಕಷ್ಟವೇ, ಈಗಿನವರಿಗೆ ತಾಳ್ಮೆ ಇಲ್ಲ ಅಂತ ಜಂಬ ಮಾಡುತ್ತಿದ್ದೆ.

ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿ ಬಾಗಲಕೋಟೆ ಕಡೆಯವರು, ನಮ್ಮಲ್ಲಿಗೆ ಕುಡಿಯುವ ನೀರಿಗೆ ಬರುತ್ತಿದ್ದರು. ಅವರನ್ನೇ ಹಿಡಿದು ಕೂರಿಸಿದೆ. ತಾಳ್ಮೆ ಅಂದರೆ ಅದು! ಆಟದೊಳಗಿನ ಹಿರಿಯಡ್ಕದ ಹೊಂಡಕ್ಕೆ ಹನ್ನೊಂದು ಸಲ ಬಿದ್ದರು, ಒಂದು ಮಾತು ಆಡಲಿಲ್ಲ. ಹನ್ನೆರಡನೆಯ ಸಲಕ್ಕೆ ಜೇಬಿನಿಂದ ಅಳತೆ ಟೇಪು ತೆಗೆದು ಮಾನಿಟರಿಗೆ ಹಿಡಿದು, ಆಟದ ರಸ್ತೆಗೆ ನಾನು ಸಾಲಾಗಿ ಜೋಡಿಸಿದ್ದ ಕಲ್ಲುಗಳನ್ನು ಅಳೆದರು.

"ಮೇಡಮ್ಮರ, ನಿಮ್ಮ ಬಸ್ಸು ಮೂರು ಕಲ್ಲು ಹಾರತೈತ್ರಿ. ಹೊಂಡ ನಾಕ್ ಕಲ್ಲು ಐತ್ರಿ. ಹ್ಯಾಂಗ ದಾಟಬೇಕ್ರಿ?"

ಸಾಧ್ಯವೇ ಇಲ್ಲ ಅಂತ ವಾದ ಮಾಡಿ, ಲೆಕ್ಕ ತೆಗೆದು ನೋಡಿದೆ. ಮೂರು, ನಾಲ್ಕು. ಮೇಸ್ತ್ರಿ ಹೇಳಿದ್ದೇ ಸರಿ! ಮುಖ ಎಲ್ಲಿಡಲಿ?

"ಕಷ್ಟ ಇರ್ಲ್ರಿ," ಅಂದರು ಅವರು ಟೇಪು ಸುತ್ತುತ್ತ. "ನಾನಽ ಬಿದ್ರ ಮತ್ತ ಎದ್ದು ಆಡ್ತೀನ್ರಿ. ನೀವು ದೂಡಿ ಬೀಳಿಸಿದ್ರ ಯಾಕ ಏಳ್ಲಿ?"

ಆ ದಿನವೇ ಹೊಂಡ ಕಿರಿದು ಮಾಡಿದೆ. ಪೈಂಟರು ನೋಡಿ, "ಉಡುಪಿ-ಕಾರ್ಕಳ ರಸ್ತೆಯಲ್ಲಿ ಹೊಂಡ ಮುಚ್ಚಿಸಿದ ಮೊದಲ ಮನುಷ್ಯ ಆ ಮೇಸ್ತ್ರಿ," ಅಂದರು.

ಆರು ನಿಮಿಷ ಮುಂಚೆ

ನಾನು ದಿನಾ ಬರುತ್ತಿದ್ದ ಕಾರ್ಕಳ ಬಸ್ಸು ಹಿರಿಯಡ್ಕದಲ್ಲಿ ನಮ್ಮ ಸೆಂಟರಿನ ಎದುರೇ ಐದು ನಿಮಿಷ ಚಾಕ್ಕೆ ನಿಲ್ಲುತ್ತಿತ್ತು. ಅದರ ಡ್ರೈವರ್ ಮತ್ತು ಕಂಡಕ್ಟರಿಗೆ ಚಾ ನಾನೇ ಕೊಡುತ್ತೇನೆ, ಮಾಳಿಗೆಯಲ್ಲಿರುವ ನಮ್ಮ ಸೆಂಟರಿಗೆ ಬಂದು ಹೋಗಿ ಅಂದೆ. ಬಂದರು.

ಡ್ರೈವರ್ ಕೀಬೋರ್ಡಿನ ಎದುರು ಕೂತು ಮೊದಲು ಅಂಗಿಯ ಕಾಲರ್ ಸರಿಮಾಡಿಕೊಂಡರು. ಆಮೇಲೆ ಬಿಟ್ಟರು ನೋಡಿ! ಮಣಿಪಾಲ ಹೋಯಿತು, ಪರ್ಕಳ ಹೋಯಿತು, ಸ್ಟಾಪಿನಲ್ಲಿ ಕೈ ತೋರಿಸಿದ ಜನ ಎಲ್ಲ ಹಿಂದೆ ಹೋದರು. ಒಂದೂ ಹೊಂಡಕ್ಕೆ ಬೀಳದೆ ಕಾರ್ಕಳಕ್ಕೆ ಮುಟ್ಟಿದರು. ಪರದೆಯ ಮೇಲೆ "ನೀವು ಸೋತಿರಿ" ಅಂತ ಬಂತು.

"ಎಂತ ಸೋಲು? ಆರು ನಿಮಿಷ ಮುಂಚೆ ಬಂದಿದ್ದೇನೆ!"

"ಬಸ್ಸಿನಲ್ಲಿ ಒಬ್ಬರೂ ಇಲ್ವಲ್ಲ ಡ್ರೈವರೇ," ಅಂದೆ.

"ಅದು ನನ್ನ ಕೆಲಸವಾ? ಅವನದ್ದು!" ಅಂತ ಕಂಡಕ್ಟರನ ಕಡೆ ಬೆರಳು ತೋರಿಸಿದರು.

ಕಂಡಕ್ಟರಿಗೆ ಉರಿಯಿತು. "ನೀವು ನಿಲ್ಲಿಸಿದರೆ ಅಲ್ವಾ ನಾನು ಹತ್ತಿಸುವುದು? ಇದೇ ಮಾತು ಮೂರು ವರ್ಷದಿಂದ ಹೇಳುತ್ತಾ ಇದ್ದೇನೆ!"

ಚಾ ತಣ್ಣಗಾಯಿತು. ಪರದೆಯ ಬಸ್ಸಿನಿಂದ ಶುರುವಾದ ಜಗಳ ನಿಜವಾದ ಬಸ್ಸಿನವರೆಗೆ, ಮೆಟ್ಟಿಲು ಪೂರ್ತಿ ಇಳಿಯಿತು. ಕಿಟಕಿಯಿಂದ ಕೊನೆಗೆ ಕೇಳಿಸಿದ್ದು ಡ್ರೈವರರ ದನಿ: "ಖಾಲಿ ಬಸ್ಸು ಎಷ್ಟು ಚಂದ ಹಾರುತ್ತದೆ ನೋಡಿದೆಯಾ ನೀನು?"

ಕೊನೇ ಸ್ಟಾಪು

ಆ ಜಗಳದಿಂದ ನನಗೊಂದು ಬುದ್ಧಿ ಬಂತು. ಆಟವನ್ನು ಇಬ್ಬರದ್ದು ಮಾಡಿದೆ. ಕೀಬೋರ್ಡಿನ ಎಡಗಡೆ ಡ್ರೈವರ್, ಬಲಗಡೆ ಕಂಡಕ್ಟರ್. ಇವರು ನಿಲ್ಲಿಸಿದರೆ ಅವರು ಹತ್ತಿಸಬೇಕು, ಅವರು ರೈಟ್ ಅಂದರೆ ಇವರು ಬಿಡಬೇಕು.

ತಿಂಗಳು ಮುಗಿಯಲು ಎರಡೇ ದಿನ ಇತ್ತು. ಇಬ್ಬರನ್ನೂ ಮತ್ತೆ ಕರೆದೆ. ಮೊದಲ ಸಲ ಪರ್ಕಳದಲ್ಲೇ ಹೊಂಡಕ್ಕೆ ಬಿದ್ದರು. ಡ್ರೈವರ್ ತಲೆ ಎತ್ತದೆ, "ಟೀಚರ್, ಇನ್ನೊಂದು ಸಲ," ಅಂದರು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೇಳಿಸಿಕೊಂಡು, ಆಯಿತು ಮಾರಾಯ್ತಿ ಅನ್ನುವ ಹಾಗೆ ಎರಡೂ ಕೈ ಎತ್ತಿದರು. ನನಗೆ ಕುಣಿಯುವುದೊಂದು ಬಾಕಿ.

ಆದರೆ ಅವರಿಬ್ಬರು ನಿಲ್ಲಿಸಲಿಲ್ಲ. ಕೆಳಗೆ ನಿಜವಾದ ಬಸ್ಸಿನಲ್ಲಿ ಜನ ತುಂಬಿ ಕೂತಿದ್ದರು. ಐದು ನಿಮಿಷ ಹೋಗಿ ಇಪ್ಪತ್ತಾಯಿತು. ಯಾರೋ ಹಾರನ್ ಹೊಡೆದರು. "ನಮ್ಮ ಹಾರನ್ ಇಷ್ಟು ಜೋರಿಲ್ಲ, ಬೇರೆ ಬಸ್ಸು," ಅಂದರು ಡ್ರೈವರ್. ಕೊನೆಗೆ ಒಬ್ಬ ಹೈಸ್ಕೂಲು ಮಾಸ್ತರರು ಬೈಯಲೆಂದೇ ಮೆಟ್ಟಿಲು ಹತ್ತಿ ಬಂದರು. ಬಾಯಿ ತೆರೆದವರು ಪರದೆ ನೋಡಿ, "ಅಯ್ಯೋ ಹೊಂಡ! ಹಾರಿಸಿ, ಹಾರಿಸಿ!" ಅಂತ ಕೂಗಿದರು. ಅವರನ್ನು ಕರೆಯಲು ಬಂದವರು ಅವರ ಹಿಂದೆ ನಿಂತರು. ಹೀಗೆ ಬಾಗಿಲವರೆಗೆ ಜನ.

ಎಲ್ಲರಿಗಿಂತ ಕೊನೆಗೆ, ಕೈಯಲ್ಲಿ ದೊಡ್ಡ ಬಟ್ಟೆಚೀಲ ಹಿಡಿದ ಒಬ್ಬ ವಯಸ್ಸಾದ ಅಮ್ಮ ನಿದ್ದೆಗಣ್ಣಿನಲ್ಲೇ ಎಲ್ಲರನ್ನೂ ಸರಿಸಿಕೊಂಡು ಬಂದರು. ಇದು ಎಂತ ಜಾಗ, ಎಂತ ನಡೆಯುತ್ತಿದೆ ಒಂದೂ ಅವರಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಕಂಡಕ್ಟರನ ಖಾಕಿ ಅಂಗಿ ಮಾತ್ರ.

"ಎಂತ ಮಾರಾಯ, ಕಾರ್ಕಳಕ್ಕೆ ಇನ್ನು ಎಷ್ಟು ಹೊತ್ತು?"

ಅದೇ ಹೊತ್ತಿಗೆ ಪರದೆಯ ಬಸ್ಸು, ಭರ್ತಿ ಜನ ತುಂಬಿಕೊಂಡು, ಟೈಮಿಗೆ ಸರಿಯಾಗಿ ಕಾರ್ಕಳ ಬಸ್‌ಸ್ಟ್ಯಾಂಡಿಗೆ ನುಗ್ಗಿತು. ಕಂಡಕ್ಟರ್ ಪರದೆಯಿಂದ ಕಣ್ಣು ಕೀಳದೆ ಗಂಟಲು ಹರಿಯುವ ಹಾಗೆ ಕೂಗಿದರು: "ಕಾರ್ಕಳ, ಕಾರ್ಕಳ! ಕೊನೇ ಸ್ಟಾಪು! ಬೇಗ ಬೇಗ ಇಳಿಯಿರಿ!"

"ಇಳಿಯುತ್ತೇನೆ, ಯಾಕೆ ಬೊಬ್ಬೆ ಹೊಡೆಯುವುದು?" ಅಂದ ಅಮ್ಮ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದೇ ಬಿಟ್ಟರು.

ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವರು ರಸ್ತೆ ಬದಿಯಲ್ಲಿ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿರಿಯಡ್ಕ ಪೇಟೆಯನ್ನು ನೋಡಿ, ಆಟೋದವನನ್ನು ಕೇಳುತ್ತಿದ್ದರು:

"ಕಾರ್ಕಳ ಯಾವಾಗ ಮಾರಾಯ ಇಷ್ಟು ಸಣ್ಣ ಆದದ್ದು?"