ಪರಿಚಯ ಮಾಡಿಸಿದ್ದಷ್ಟೇ ನಮ್ಮ ಪಾಲು

ಮಾನ್ಯರೇ,

ದೇಣಿಗೆ ಸಂಸ್ಥೆಯ ಮೌಲ್ಯಮಾಪನಾಧಿಕಾರಿಗಳಾದ ಶ್ರೀ ಅಂಜನ್ ಕುಮಾರ್ ಅವರಿಗೆ, ದಾವಣಗೆರೆ, ಹರಿಹರ, ಮಲೆಬೆನ್ನೂರುಗಳ ಸಣ್ಣಪುಟ್ಟ ಸೇವಾ ಸಂಘಗಳನ್ನು ಒಂದಕ್ಕೊಂದು ಜೋಡಿಸುವ ಒಕ್ಕೂಟದ ಸಂಚಾಲಕಿಯಾದ ನಾನು ಮೂರೂ ಊರಿನ ಪರವಾಗಿ ಕ್ಷೇಮ ಕೋರಿ ಬರೆಯುವುದೇನೆಂದರೆ, ತಮ್ಮ ವರದಿ ತಲುಪಿತು. "ಒಕ್ಕೂಟದ ಸ್ವಂತ ಸಾಧನೆ ಕಂಡುಬಂದಿಲ್ಲ" ಎಂಬ ಕೊನೆಯ ಸಾಲಿನ ಸ್ಪಷ್ಟತೆಗೆ ಎಲ್ಲರೂ ತಲೆದೂಗಿದೆವು.

ನಿಜವೇ. ಮಲೆಬೆನ್ನೂರಿನ ಸಂಘದವರು ಫೋನ್ ಮಾಡಿ, ದುರುಗವ್ವನವರ ಮೊಮ್ಮಗಳು ಆಶಾಗೆ ಕಿವಿ ಕೇಳಿಸದು, ಏಳು ವರ್ಷವಾದರೂ ಬೇಕಾದ್ದನ್ನು ಹೇಳಲಾಗದೆ ಪಾತ್ರೆ ಎಸೆಯುತ್ತಾಳೆ ಎಂದಿದ್ದರು. ದಾವಣಗೆರೆಯ ಆನೆಕೊಂಡದ ಮಹಿಳಾ ಸಂಘದಲ್ಲಿ, ಹುಟ್ಟಿನಿಂದ ಕಿವಿ ಕೇಳದ, ಸನ್ನೆ ಭಾಷೆಯಲ್ಲೇ ಇಡೀ ಬೀದಿಯನ್ನು ನಗಿಸಬಲ್ಲ ಟೈಲರ್ ರಹೀಮುನ್ನೀಸಾ ಇರುವುದು ನಮಗೆ ಗೊತ್ತಿತ್ತು. ಹರಿಹರದ ಸಂಘದ ಕೋಣೆ ಭಾನುವಾರ ಖಾಲಿ ಇರುವುದೂ ಗೊತ್ತಿತ್ತು. ಎಲ್ಲರಿಗೂ ವಿಷಯ ಮುಟ್ಟಿಸಿದೆವು, ಅಷ್ಟೇ. ಅಜ್ಜಿ ಮೊಮ್ಮಗಳು ಸನ್ನೆ ಕಲಿಯಲು ವಾರವಾರವೂ ಹರಿಹರದ ಬಸ್ಸು ಹತ್ತಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಆಶಾ ಬೆರಳು ಕುಣಿಸಿ, ಅಜ್ಜೀ ಮಂಡಕ್ಕಿ ಬೇಕು, ಮೆಣಸಿನಕಾಯಿ ಬ್ಯಾಡ ಎಂದಳು. ದುರುಗವ್ವ ಮಂಡಕ್ಕಿ ತರುವುದನ್ನು ಮರೆತು ಕೂತಲ್ಲೇ ಅತ್ತರು.

ಪರಿಶೀಲನೆಗೆ ಬಂದ ತಾವು ಸರಿಯಾಗಿಯೇ ಕೇಳಿದಿರಿ: ಕಲಿಸಿದ್ದು ರಹೀಮುನ್ನೀಸಾ, ಕೋಣೆ ಹರಿಹರದವರದು, ಬೆರಳು ಮಗುವಿನದು, ಇದರಲ್ಲಿ ಒಕ್ಕೂಟದ್ದೇನು? "ಸಾರ್, ಇವ್ರು ಹೇಳ್ಲಿಲ್ಲ ಅಂದ್ರೆ ಅಂಥ ತಾಯಿ ಒಬ್ರು ಆನೆಕೊಂಡದಾಗ ಅದಾರೆ ಅಂತ ನಮಗೆ ಹೆಂಗೆ ಗೊತ್ತಾಗ್ತಿತ್ರಿ?" ಎಂದರು ದುರುಗವ್ವ. "ಅದಕ್ಕೆ ಫೋಟೊ ಇದೆಯೇನಮ್ಮ?" ಎಂದಿರಿ ತಾವು.

ಆದ್ದರಿಂದ ವಿನಮ್ರ ಬೇಡಿಕೆ: ಗುರುತಿಲ್ಲದ ಇಬ್ಬರು ಪರಿಚಿತರಾಗುವ ಕ್ಷಣವನ್ನು ಮುಂಚಿತವಾಗಿ ಮೊಳಗಿ ತಿಳಿಸುವ ಗಂಟೆಯೊಂದನ್ನು ಮಂಜೂರು ಮಾಡಿದರೆ, ನಾವು ಓಡಿಹೋಗಿ ಹಿಂದೆ ಬ್ಯಾನರ್ ಕಟ್ಟಿ ಫೋಟೊ ತೆಗೆಯುತ್ತೇವೆ. ಸಾಧ್ಯವಾದರೆ ಆಶಾಳನ್ನು ಇಬ್ಬರನ್ನಾಗಿ ಮಾಡಿಕೊಡಿ. ಒಬ್ಬಳನ್ನು ಯಾರಿಗೂ ಪರಿಚಯಿಸದೆ ಬಿಟ್ಟು ಹೋಲಿಸಿ ನೋಡಬಹುದು. ಆ ಪಾತ್ರೆ ಎಸೆಯುವವಳನ್ನು ಮಾತ್ರ ತಮ್ಮ ಕಚೇರಿಯಲ್ಲೇ ಇಟ್ಟುಕೊಳ್ಳಬೇಕು.

ತಮ್ಮ ಸಂಸ್ಥೆಯ ನೆರವು ನಿಂತ ಮೇಲೆ ನಿಜಲಿಂಗಪ್ಪ ಬಡಾವಣೆಯ ಕಚೇರಿ ಬಿಟ್ಟಿದ್ದೇವೆ. ಹೊಲಿಗೆ ಅಂಗಡಿಯಲ್ಲಿ ರಹೀಮುನ್ನೀಸಾ ನನಗೊಂದು ಸ್ಟೂಲು ಹಾಕಿಕೊಟ್ಟಿದ್ದಾರೆ. ಫೋನ್ ದಿನವಿಡೀ ಬಡಿದುಕೊಳ್ಳುತ್ತದೆ. ಅವರಿಗೆ ಅದರಿಂದ ಏನೂ ತೊಂದರೆಯಿಲ್ಲ.

ಇಂತು, ತಮ್ಮ ವಿಶ್ವಾಸಿ, ಸ್ವಂತ ಸಾಧನೆಯಿಲ್ಲದ
ರಶ್ಮಿತಾ

ವಿ.ಸೂ.: ಸನ್ನೆ ಭಾಷೆಯಲ್ಲಿ ಎಲ್ಲರಿಗೂ ಒಂದು ಸನ್ನೆ ಹೆಸರಿಡುವ ರೂಢಿಯಿದೆ. ಆಶಾ ತಮಗೂ ಇಟ್ಟಿದ್ದಾಳೆ: ಕನ್ನಡಕವನ್ನು ಹಣೆಗೇರಿಸಿಕೊಂಡು, ಅದಕ್ಕಾಗಿಯೇ ಮೇಜಿನ ಮೇಲೆಲ್ಲ ತಡಕಾಡುವುದು. ಈಗ ಮೂರೂ ಊರಿನ ಮಕ್ಕಳು ತಮ್ಮನ್ನು ಹಾಗೆಯೇ ಕರೆಯುತ್ತಾರೆ. ಅದು ಇಷ್ಟು ಬೇಗ ಹೇಗೆ ಹರಡಿತೋ, ನಮಗಂತೂ ಗೊತ್ತಿಲ್ಲ.