ಹರಕೆಯಿಲ್ಲದ ಸೈಕಲ್ಲು

ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸವಿಲ್ಲದೆ ರಸ್ತೆಗಿಳಿದವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ನನ್ನ ಪ್ರತಿ ಭಾನುವಾರವೂ ಒಂದೊಂದು ರಾದ್ಧಾಂತ.

ನಾನು ರವಿಕೆ ಹೊಲಿಯುವವಳು, ವಯಸ್ಸು ಐವತ್ತೆರಡು. ಊರಿನ ಹತ್ತು ಹನ್ನೆರಡು ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಹಳ್ಳಿಗಳ ಕಡೆ ನಡೆಯುತ್ತೇವೆ, ಓಡುತ್ತೇವೆ, ಸೈಕಲ್ ಹೊಡೆಯುತ್ತೇವೆ. ಇದು ನಮ್ಮ ಭಾವನವರಿಗೆ, ಅಂದರೆ ಯಜಮಾನರ ಅಣ್ಣನಿಗೆ, ಸುತಾರಾಂ ಒಪ್ಪಿಗೆಯಿಲ್ಲ.

"ಹರಕಿ ಐತಿ ಅಂತ ಹೇಳು, ಕೊಟ್ಟೂರು ಗುಡಿ ತನಕ ನಡಿ, ನಾನ ಬಂದು ಕಳಿಸಿಕೊಡ್ತೀನಿ. ಸುಮ್‌ಸುಮ್ನ ತಿರುಗಿದ್ರ ಮಂದಿ ಏನಂತಾರ?" ಎಂದರು.

ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಹೊಲಿಗೆ ಮಷಿನ್ನು ತುಳಿದಿದ್ದೇನೆ, ಒಂದು ಗೇಣು ಮುಂದೆ ಹೋಗಿಲ್ಲ. ಈಗ ಹೋಗಬೇಕು ಅನ್ನಿಸಿದೆ, ಹೋಗುತ್ತೇನೆ. ಅದಕ್ಕೂ ದೇವರ ಚೀಟಿ ತರಬೇಕೇ?

ಹಿಂದಕ್ಕೆ ಬಂದ ಬಸ್ಸು

ಮೊದಲ ಸಲ ಓಡಿದ ದಿನ. ಮಗಳ ಚೂಡಿದಾರ, ಯಜಮಾನರ ಕ್ಯಾನ್ವಾಸ್ ಬೂಟು. ಎಲ್ಲರೂ ಮುಂದೆ ಹೋಗಿದ್ದರು, ನಾನೊಬ್ಬಳೇ ಹಿಂದೆ. ಕೂಡ್ಲಿಗಿ ಬಸ್ಸು ನನ್ನನ್ನು ದಾಟಿ ಹೋಗಿ ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ನಿಂತೀವಿ ತಗೋರಿ ಅಕ್ಕಾರ, ಸಾವಕಾಶ ಬರ್ರಿ!" ಎಂದು ಕೂಗಿದ. ಬೇಡ ಎಂದು ಕೈ ಬೀಸಿದೆ. ಕರೆಯುತ್ತಿದ್ದೇನೆ ಅಂದುಕೊಂಡ ಡ್ರೈವರು ಬಸ್ಸನ್ನೇ ಹಿಂದಕ್ಕೆ ತಂದ.

"ಬಸ್ಸಿಗೆ ಓಡಾಕತ್ತಿಲ್ರೀ, ಸುಮ್ನ ಓಡಾಕತ್ತೀನಿ" ಎಂದೆ.

ಇಡೀ ಬಸ್ಸೇ ಕಿಟಕಿಗೆ ಬಂದು ಇಣುಕಿತು. ಕಿಟಕಿಯಲ್ಲಿದ್ದ ಮುದುಕಿಯೊಬ್ಬಳು ಮೆಲ್ಲಗೆ ಕೇಳಿದಳು: "ಮನ್ಯಾಗ ಭಾಳ ಹೊಡಿತಾನೇನವ್ವಾ?"

ಮೈ ಇಳಿಸುವ ಉಪ್ಪಿಟ್ಟು

ಆಮೇಲೆ ಕೊಟ್ಟೂರು ರಸ್ತೆಯಲ್ಲಿ ನಡಿಗೆ ಶುರುವಾಯಿತು. ಆ ರಸ್ತೆಯಲ್ಲಿ ಗುಂಪಾಗಿ ನಡೆಯುವವರೆಲ್ಲ ಪಾದಯಾತ್ರೆಯವರೇ ಎಂಬುದು ಹಳ್ಳಿಯವರ ಲೆಕ್ಕ. ಕುರಿ ಸಾಕಿದ ಮನೆಯ ಹೆಂಗಸೊಬ್ಬಳು ನಮ್ಮನ್ನು ತಡೆದು, ಕಾಲಿಗೆ ನೀರು ಕೊಟ್ಟು, ಸಾಲಾಗಿ ಕೂರಿಸಿ ಉಪ್ಪಿಟ್ಟು ಬಡಿಸಿದಳು. ನಮ್ಮ ಬಳಗದ ಮುಖಂಡರು ನಿವೃತ್ತ ಡ್ರಿಲ್ ಮಾಸ್ತರು. ಅವರು ಕೈ ಅಡ್ಡ ಹಿಡಿದು, "ನಾವು ಭಕ್ತರಲ್ಲವ್ವ, ಮೈ ಇಳಿಸಾಕ ಬಂದೋರು" ಎಂದರು.

"ಖಾಲಿ ಹೊಟ್ಟಿಲೆ ಏನ್ ಇಳಿಸ್ತೀರಿ? ಉಣ್ರಿ, ಶಕ್ತಿ ಬರ್ತೈತಿ" ಎಂದು ಇನ್ನೆರಡು ಸೌಟು ಹಾಕಿದಳು.

ಪ್ರತಿ ಭಾನುವಾರವೂ ಇದೇ ಕಥೆ. ಎರಡು ತಿಂಗಳಾಗುವುದರೊಳಗೆ ಮಾಸ್ತರರ ಟೀ ಶರ್ಟಿನ ಪಕ್ಕ ಬಿಚ್ಚಿ ಅಗಲ ಮಾಡಿಕೊಟ್ಟವಳು ನಾನೇ.

ಬಿಚ್ಚಬೇಕಾದ್ದು

ನನ್ನ ಸೈಕಲ್ಲು ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಿಂದ ಬಂದದ್ದು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಬಳಗದ ಉಳಿದವರದೆಲ್ಲ ಗೇರ್ ಸೈಕಲ್ಲು, ಕ್ಯಾರಿಯರ್ ಇಲ್ಲ. ನಮ್ಮಲ್ಲೊಬ್ಬ ಕಾಳಿನ ವ್ಯಾಪಾರಿ ಇದ್ದಾನೆ, ದುಂಡಗಿನ ಮನುಷ್ಯ.

"ಅಕ್ಕಾ, ಮೊದ್ಲು ಆ ಕ್ಯಾರಿಯರ್ ಬಿಚ್ಚಸು. ಭಾರ ಕಮ್ಮಿ ಆಗ್ತೈತಿ" ಎಂದ.

"ಮೊದ್ಲು ನಿನ್ನ ಹೊಟ್ಟಿ ಬಿಚ್ಚಸು ತಮ್ಮಾ. ಇನ್ನೂ ಕಮ್ಮಿ ಆಗ್ತೈತಿ" ಎಂದೆ.

ಐದು ವಾರ

ಕೊಟ್ಟೂರಿಗೆ ಸೈಕಲ್ ಮೇಲೆ ಹೋಗಿಬರುವುದೆಂದು ಗೊತ್ತಾದಾಗ ಭಾವ ಸೈಕಲ್ಲಿಗೆ ಬೀಗ ಹಾಕುತ್ತೇನೆಂದು ಕೂಗಾಡಿದರು. ಅದನ್ನು ಅಡುಗೆಮನೆಯೊಳಗೆ ತಂದು ನಿಲ್ಲಿಸಿಕೊಂಡೆ. ಬೆಳಿಗ್ಗೆ ಹೊರಟೇಬಿಟ್ಟೆ.

ಕೊಟ್ಟೂರು ಮುಟ್ಟಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ವಾಪಸು ಹೊಲದ ದಾರಿ ಹಿಡಿದಿದ್ದೆವು. ಮೆಕ್ಕೆಜೋಳದ ಮಧ್ಯೆ ಭಾವನ ಬೈಕು ಎದುರಿಗೆ ಬಂದು ಅಡ್ಡ ನಿಂತಿತು.

"ಇಳಿ! ಸೈಕಲ್ ಇಲ್ಲೇ ಬಿದ್ದಿರ್ಲಿ. ಬೈಕ್ ಹತ್ತು!"

"ಹತ್ತಂಗಿಲ್ರಿ" ಎಂದೆ.

ತಿರುಗಿ ಹೋಗಲು ಸಿಟ್ಟಿನಿಂದ ಬೈಕಿನ ಕಿಕ್ಕರ್ ಒದ್ದರು. ಮತ್ತೆ ಒದ್ದರು. ಪೆಟ್ರೋಲ್ ಖಾಲಿ.

"ನಿಮ್ಮ ತಮ್ಮಗ ಫೋನ್ ಮಾಡ್ಲ್ಯಾ?" ಎಂದು ಮಾಸ್ತರು ಕೇಳಿದರು.

"ಬ್ಯಾಡ! ಅವ ನಗ್ತಾನ!"

ಬಿಸಿಲು ಏರಿತ್ತು. ಭಾವನದು ಮಂಡಿ ನೋವಿನ ಕಾಲು, ಜೊತೆಗೆ ಸಕ್ಕರೆ ಕಾಯಿಲೆ. ಸಿಟ್ಟಿನಲ್ಲಿ ನಾಷ್ಟಾನೂ ಮಾಡದೆ ಬಂದಿದ್ದರು. ಎಲ್ಲರ ಕಣ್ಣೂ ನನ್ನ ಕ್ಯಾರಿಯರ್ ಮೇಲೆ ಬಿತ್ತು.

"ಕುಂದರ್ರಿ ಭಾವಾರ. ಬಿಚ್ಚಿಸಿಲ್ಲ" ಎಂದೆ.

ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯ ನನ್ನ ಜೊತೆ ಒಂದೇ ಚಾಪೆಯ ಮೇಲೆ ಕೂತವರಲ್ಲ. ಈಗ ಧೋತರ ಎತ್ತಿ ಹಿಡಿದು, ಒಂದೇ ಕಡೆ ಕಾಲು ಇಳಿಬಿಟ್ಟು ನನ್ನ ಹಿಂದೆ ಕೂತರು. ಮಷಿನ್ನು ತುಳಿದ ಕಾಲು ಅವತ್ತು ಋಣ ತೀರಿಸಿತು. ಊರಿನ ಅಗಸಿ ಬಾಗಿಲ ಹತ್ತಿರ ಚಹಾದಂಗಡಿ ಮಂದಿಯೆಲ್ಲ ಎದ್ದು ನಿಂತರು.

"ಹರಕಿ ಐತೇನ್ರೀ ಅಕ್ಕಾರ?" ಎಂದು ಒಬ್ಬ ಕೂಗಿದ.

ಹಿಂದಿನಿಂದ ಪಿಸುಮಾತು ಬಂತು: "ಯವ್ವಾ, ಹೌದು ಅಂದುಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ನಂದೇನೂ ಹರಕಿ ಇಲ್ರೀ! ನಾ ಸುಮ್ನ ಹೊಂಟೀನಿ. ಹಿಂದ ಕುಂತೋರ್ನ ಕೇಳ್ರಿ!" ಎಂದು ಊರಿಗೆಲ್ಲ ಕೇಳುವಂತೆ ಹೇಳಿದೆ.

"ಹೌದ್ರಿ, ಹರಕಿ... ನಂದ" ಎಂದರು ಭಾವ.

"ಎಷ್ಟು ವಾರದ್ದ್ರೀ?"

"ಐದು" ಎಂದುಬಿಟ್ಟರು, ಗಾಬರಿಯಲ್ಲಿ.

ಭಾವ ಎಂಥವರೇ ಇರಲಿ, ನಾಲ್ಕು ಜನರೆದುರು ದೇವರ ಹೆಸರಲ್ಲಿ ಆಡಿದ ಮಾತಿಗೆ ತಪ್ಪುವವರಲ್ಲ. ಇನ್ನು ನಾಲ್ಕು ಭಾನುವಾರ ಬಾಕಿ ಇವೆ. ಕ್ಯಾರಿಯರ್ ಮೇಲೆ ಹಾಕಲು ಒಂದು ದಿಂಬು ಹೊಲಿದಿಟ್ಟಿದ್ದೇನೆ.